ಮಾಮನ ಟ್ರೇಲರಿನ ಹಿಂದಿನ ಲೈಟು

"ಹಿಂದಿನ ಲೈಟ್ ನನಗ್ಯಾಕ ಬೇಕೋ ಅಳಿಯಾ? ನಾ ಮುಂದ ನೋಡಿ ಹೊಡೀತೀನಿ."

ಜತ್ತ ತಾಲೂಕಿನ ಉಮದಿಯಲ್ಲಿ ಮಾಮ ಹೇಳಿದ ಈ ಮಾತು ವಾರವೆಲ್ಲ ತಲೆಯಲ್ಲಿ ಸುತ್ತುತ್ತಿದೆ. ಆಗ ನಗು ಬಂದಿತ್ತು. ಈಗ ಅಷ್ಟು ಬರ್ತಿಲ್ಲ.

ಕಬ್ಬಿನ ಸೀಸನ್ ಶುರುವಾಗಿದೆ. ಲೈಟ್ ಇಲ್ಲದ ಟ್ರೇಲರ್ ಒಳಗೆ ಬಿಡೋದಿಲ್ಲ ಅಂತ ಕಾರ್ಖಾನೆಯವರು ಹೇಳಿದ್ದಕ್ಕೆ ಮಾಮ ಲೈಟ್ ಹಾಕಿಸೋಕೆ ಒಪ್ಪಿದ್ದು. ಇಲ್ಲದಿದ್ದರೆ ಆ ಹಳೇ ಟ್ರೇಲರ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಟ್ರ್ಯಾಕ್ಟರಿನ ಮುಂದೆ ಮಾತ್ರ ಕಂಪನಿಯ ಹೆಡ್‌ಲೈಟ್ ಸಾಲದು ಅಂತ ಎಲ್‌ಇಡಿ ಬಾರ್ ಇದೆ, ಬಣ್ಣದ ಸರ ಇದೆ, ಗುಡ್ಡಾಪುರದ ದಾನಮ್ಮ ದೇವಿಯ ಹೆಸರು ಮಿನುಗುತ್ತದೆ. ಹಾಡಿನ ಡಬ್ಬಿ ಬೇರೆ. ಹಿಂದೆ ಏನೂ ಇಲ್ಲ.

ವೈರಿಂಗ್ ಚಾಚಾ ಬಂದ. ಮಾತು ಕಮ್ಮಿ, ಬೀಡಿ ಜಾಸ್ತಿ. ಅಷ್ಟರಲ್ಲಿ ನಮ್ಮ ಮಾಮನ ಮಗ ಫೋನು ಹಿಡಿದು ಪಾಠ ಶುರು ಮಾಡಿದ. ಬಿಳಿ ಅಂದ್ರೆ ಅರ್ಥ್ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಕಂದು ಅಂದ್ರೆ ಟೇಲ್ ಲೈಟ್, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಅದು ಅಮೆರಿಕದ ನಾಲ್ಕು ವೈರಿನ ಲೆಕ್ಕ. ಅಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ವೈರು. ನಮ್ಮದು ಟ್ರ್ಯಾಕ್ಟರಿಗೆ ಜೋಡಿಸುವ ಏಳು ಪಿನ್ನಿನ ಸಾಕೆಟ್, ಬ್ರೇಕಿಗೆ ಬೇರೆಯದೇ ಕೆಂಪು ವೈರು ಇರಬೇಕು. ಇರಬೇಕು, ಅಷ್ಟೇ. ಟೇಪ್ ಬಿಚ್ಚಿದರೆ ಮೂರು ಕೆಂಪು, ಒಂದು ಮನೆಗೆ ಹಾಕುವ ವೈರು, ಇನ್ನೊಂದರ ಬಣ್ಣ ಮಣ್ಣಿನದು. ಕೈಗೆ ಸಿಕ್ಕಿದ್ದನ್ನು ಯಾರೋ ಸೇರಿಸಿಕೊಂಡು ಬಂದಿದ್ದರು. ಹುಡುಗ ಫೋನು ಜೇಬಿಗೆ ಹಾಕಿದ.

ಚಾಚಾ ಒಂದು ಬೇರೆ ಬ್ಯಾಟರಿ ತಂದು ಕೆಳಗಿಟ್ಟ. ಚಾಸಿಯ, ಅಂದ್ರೆ ಟ್ರೇಲರಿನ ಕಬ್ಬಿಣದ ಚೌಕಟ್ಟಿನ, ಒಂದು ಜಾಗವನ್ನು ಫೈಲಿನಿಂದ ಉಜ್ಜಿ ಹೊಳೆಯುವಂತೆ ಮಾಡಿ ನೆಗೆಟಿವ್ ಕಟ್ಟಿದ. ಪಾಸಿಟಿವ್ ವೈರಿಗೆ ನಡುವೆ ಫ್ಯೂಸು ಹಾಕಿ, ತುದಿಯನ್ನು ಒಂದೊಂದೇ ವೈರಿಗೆ ಮುಟ್ಟಿಸುತ್ತಾ ಹೋದ. ನಾನು ಹಿಂದೆ ನಿಂತು "ಎಡ ಇಂಡಿಕೇಟರ್", "ಟೇಲು" ಅಂತ ಕೂಗುವವನು. ಗೊತ್ತಾದ ವೈರಿಗೆ ಟೇಪಿನ ಗುರುತು: ಟೇಲಿಗೆ ಒಂದು ಸುತ್ತು, ಎಡಕ್ಕೆ ಎರಡು, ಬಲಕ್ಕೆ ಮೂರು.

ಬ್ರೇಕಿನ ವೈರಿಗೆ ಬಂದಾಗ ತಮಾಷೆ ಆಯ್ತು. ಬಲಗಡೆ ಝಗ್ಗನೆ ಹತ್ತಿತು. ಎಡಗಡೆ ಬ್ರೇಕ್ ಹತ್ತಲಿಲ್ಲ, ಆದರೆ ಟೇಲ್ ಲೈಟು ಮಂಕಾಗಿ ಕೆಂಪಗಾಯಿತು. ಈ ಬಲ್ಬಿನಲ್ಲಿ ಎರಡು ಎಳೆ ಇರುತ್ತವೆ, 21 ವ್ಯಾಟಿನದು ಬ್ರೇಕಿಗೆ, 5 ವ್ಯಾಟಿನದು ಟೇಲಿಗೆ. ನಾನು ವೈರೇ ಅದಲುಬದಲು ಅಂದುಕೊಂಡೆ. ಚಾಚಾ ತಲೆ ಅಲ್ಲಾಡಿಸಿದ. "ಅರ್ಥ್ ಸಿಗವಲ್ದು. ತನ್ನ ಮನೀ ಬಾಗಿಲ ತೆಗೀಲಿಲ್ಲ ಅಂದ್ರ ಬಾಜೂ ಮನೀ ಬಾಗಿಲಾ ಬಡೀತೈತಿ ಕರೆಂಟು." ಎಡಗಡೆ ಹೋಲ್ಡರ್ ತುಕ್ಕು ಹಿಡಿದಿತ್ತು. ಚಾಸಿಗೆ ಇಳಿಯಬೇಕಾದ ಕರೆಂಟು ಟೇಲಿನ ಎಳೆಯಲ್ಲಿ ಹಿಂದಕ್ಕೆ ಹರಿದು, ಆ ವೈರು ಹಿಡಿದು ಬಲಗಡೆಗೆ ಹೋಗಿ ಅರ್ಥ್ ಹುಡುಕುತ್ತಿತ್ತು. ಉಜ್ಜಿ, ಹೊಸ ಬೋಲ್ಟ್ ಹಾಕಿದ್ದೇ ತಡ, ಸರಿಯಾಯ್ತು. ಸಾಕೆಟ್ಟಿನಿಂದ ಟ್ರ್ಯಾಕ್ಟರಿಗೂ ಅರ್ಥಿಗೆ ಬೇರೆ ವೈರು ಎಳೆಸಿದ. ಟ್ರೇಲರ್ ಸಿಕ್ಕಿಸುವ ಹುಕ್ಕು, ಪಿನ್ನು ಕಬ್ಬಿಣವೇ ಅಲ್ವಾ ಅಂತ ಅದನ್ನು ನಂಬಿ ಕೂತವರೇ ಜಾಸ್ತಿ. ಅಲ್ಲಿರೋದು ಗ್ರೀಸು, ಧೂಳು, ತುಕ್ಕು.

ಇದೆಲ್ಲ ಆಗುವಾಗ ಮಾಮ ಬೇವಿನ ಕೆಳಗೆ ಕೂತು ಆ ಮಾತು ಹೇಳಿದ್ದು. ಮಾಮ ಕೆಟ್ಟವನಲ್ಲ. ಕೈ ಸ್ವಲ್ಪ ಬಿಗಿ, ಅದೂ ತನಗೆ ಕಾಣದ ಖರ್ಚಿಗೆ ಮಾತ್ರ. ಯೋಚನೆ ಮಾಡಿದರೆ ಅವನು ಹೇಳಿದ್ದು ಸುಳ್ಳೂ ಅಲ್ಲ. ದುಡ್ಡು ಕೊಟ್ಟವನಿಗೆ ಆ ಲೈಟು ರಾತ್ರಿಯಿಡೀ ಕಾಣೋದೇ ಇಲ್ಲ. ಕಾಣೋದು ಹಿಂದೆ ಬೈಕಿನಲ್ಲಿ ಬರುವವನಿಗೆ, ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ಹೊರಟವರಿಗೆ. ನಮ್ಮ ರಸ್ತೆಯಲ್ಲಿ ಟೈರ್ ಒಡೆದರೆ ಗಾಡಿಯ ಸುತ್ತ ಕಲ್ಲು ಇಡುತ್ತಾರೆ. ಟೈರ್ ಬದಲಿಸಿ ಹೋಗುವಾಗ ಆ ಕಲ್ಲು ಎತ್ತಿದವರನ್ನು ನಾನು ನೋಡಿಲ್ಲ. ಮಾಮನೊಬ್ಬನನ್ನೇ ಬೈದು ಏನು ಪ್ರಯೋಜನ? ನಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅಂತ ನಾವು ಯಾವತ್ತಾದರೂ ಕೇಳಿದ್ದೀವಾ? ಕೆಳಗಿನ ಮನೆಯವರಿಗೆ ಗೊತ್ತು.

ಸಂಜೆ ಎಲ್ಲ ಹತ್ತಿತು. ಎಡ, ಬಲ, ಬ್ರೇಕು. ಆಗ ಕಬ್ಬು ಕಡಿಯುವ ಗ್ಯಾಂಗಿನ ಒಬ್ಬ ಅಕ್ಕ ಬಂದು ನೋಡಿ, "ಛಂದ ಐತ್ರಿ, ಆದ್ರ ಲೋಡ್ ಹಾಕಿದ್ರ ಕಬ್ಬು ಇಳಿಬಿದ್ದು ಇದು ಕಾಣೂದಿಲ್ರಿ" ಅಂದಳು. ದಿನಾ ತುಂಬುವವಳಿಗೆ ಗೊತ್ತಿರುವಷ್ಟು ನಮಗ್ಯಾರಿಗೂ ಗೊತ್ತಿರಲಿಲ್ಲ. ಚಾಚಾ ಬೀಡಿ ಎಸೆದು ಮತ್ತೆ ಸ್ಪ್ಯಾನರ್ ಎತ್ತಿದ. ಲೈಟುಗಳನ್ನು ಕೆಳಗಿನ ಪಟ್ಟಿಗೆ ಇಳಿಸಿದ್ದಾಯಿತು. ಎಂಜಿನ್ ಕೆಟ್ಟು ರಸ್ತೆಯಲ್ಲೇ ನಿಂತರೂ ಹೊಳೆಯಲಿ ಅಂತ ಕೆಂಪು ರೇಡಿಯಂ ಪಟ್ಟಿಯನ್ನೂ ಅಂಟಿಸಿ ಅಂದೆ. ಪಟ್ಟಿಯ ದುಡ್ಡು ಯಾರು ಕೊಡಬೇಕು ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಮಾಮ ನನ್ನ ಮುಖ ನೋಡ್ತಿದ್ದಾನೆ.