ಗಾಜಿನಾಚೆಯ ಸೈನಾಟಿಕಸ್: ಒಂದು ಪುಟ ಓದಲು ಲಂಡನ್ನಿಗೆ

ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ಇಳಿದು ಯೂಸ್ಟನ್ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಬ್ರಿಟಿಷ್ ಲೈಬ್ರರಿ. ಅಪೂರ್ವ ಗ್ರಂಥಗಳ ಗ್ಯಾಲರಿಗೆ ಪ್ರವೇಶ ಉಚಿತ. ಮಬ್ಬು ಬೆಳಕಿಗೆ ಕಣ್ಣು ಹೊಂದಿಕೊಂಡ ಮೇಲೆ ಗಾಜಿನೊಳಗೆ ಕಾಣುವುದು 4ನೇ ಶತಮಾನದ ಗ್ರೀಕ್ ಬೈಬಲ್, ಕೋಡೆಕ್ಸ್ ಸೈನಾಟಿಕಸ್. ಕೋಡೆಕ್ಸ್ ಎಂದರೆ ಪುಸ್ತಕದ ರೂಪದ ಹಸ್ತಪ್ರತಿ.

ಒಂದು ಮಾತು ಮೊದಲೇ ಹೇಳಿಬಿಡಬೇಕು. 1933ರಲ್ಲಿ ಸೋವಿಯತ್ ಸರ್ಕಾರದಿಂದ 1 ಲಕ್ಷ ಪೌಂಡಿಗೆ ಕೊಂಡ ಈ 347 ಹಾಳೆಗಳಲ್ಲಿ ನೋಡಸಿಗುವುದು ತೆರೆದಿಟ್ಟ ಎರಡೇ ಪುಟ. ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಲೂಕನ ಪುಟಕ್ಕೆಂದು ಟಿಪ್ಪಣಿ ಹೊತ್ತು ಬಂದವರಿಗೆ ಬೇರೇನೋ ಎದುರಾದರೆ ಮಾಡುವಂಥದ್ದೇನೂ ಇಲ್ಲ. 2009ರಿಂದ ಇಡೀ ಪ್ರತಿ ಅಂತರ್ಜಾಲದಲ್ಲಿದೆ. ಬೇಕಾದ ಪುಟವನ್ನು ಅಲ್ಲೇ ಓದಿಕೊಂಡು ಬನ್ನಿ. ಚರ್ಮದ ಹಾಳೆಯ ಮೈಬಣ್ಣ, ಮಸಿ ಸವೆದ ಬಗೆ ಮಾತ್ರ ಇಲ್ಲಿಯೇ ನೋಡಬೇಕು.

ಪುಟಕ್ಕೆ ನಾಲ್ಕು ಅಂಕಣ, ಅಂಕಣಕ್ಕೆ 48 ಸಾಲು, ಸಾಲಿಗೆ 12–14 ಅಕ್ಷರ. ಪದಗಳ ನಡುವೆ ಬಿಡುವೇ ಇಲ್ಲ, ಸಾಲು ಮುಗಿದಲ್ಲಿ ಪದ ತುಂಡಾಗುತ್ತದೆ. ನಮ್ಮ ತಾಳೆಗರಿ ಓದಿದವರಿಗೆ ಇದರ ಕಷ್ಟವೂ ಗೊತ್ತು, ಉಪಾಯವೂ ಗೊತ್ತು: ಬಾಯಿಬಿಟ್ಟು ಓದಿದರೆ ಪದ ತಾನೇ ಬಿಡಿಸಿಕೊಳ್ಳುತ್ತದೆ. ಮೊದಲು ಮೇಲ್ಗೆರೆ ಎಳೆದ ಜೋಡಿ ಅಕ್ಷರಗಳನ್ನು ಹುಡುಕಿ. ಅವು ಪವಿತ್ರ ಹೆಸರುಗಳ ಸಂಕ್ಷೇಪ. ಗ್ರೀಕ್ ಅಕ್ಷರಗಳಾದ ಥೀಟಾ (ಥ್), ಸಿಗ್ಮಾ (ಸ್) ಇದ್ದರೆ ‘ಥೆಓಸ್’, ದೇವರು. ಇಲ್ಲಿ ಸಿಗ್ಮಾ ಅರ್ಧಚಂದ್ರದಂತಿರುತ್ತದೆ. ಅಚ್ಚಿನ ಸಿಗ್ಮಾ ಹುಡುಕುತ್ತ ಕೂತರೆ ಸಿಗದು. ಸಾಲಿನ ಕೊನೆಯಲ್ಲಿ ಒಂಟಿ ಮೇಲ್ಗೆರೆ ಕಂಡರೆ ಅದು ಬರೆಯದೆ ಬಿಟ್ಟ ‘ನು’ (ನ್) ಅಕ್ಷರದ ಗುರುತು. ಎಡಕ್ಕೆ ತುಸು ಹೊರಚಾಚಿದ ಅಕ್ಷರ ಹೊಸ ಭಾಗದ ಗುರುತು. ಸುವಾರ್ತೆಗಳ ಅಂಚಿನ ಕೆಂಪು ಅಂಕಿಗಳು ಅದೇ ಪ್ರಸಂಗ ಉಳಿದ ಸುವಾರ್ತೆಗಳಲ್ಲಿ ಎಲ್ಲಿದೆ ಎಂದು ಹುಡುಕಲು.

ನಿಜವಾಗಿ ಮೈ ಜುಮ್ಮೆನಿಸುವುದು ತಿದ್ದುಪಡಿಗಳು. ಮೂಲ ಬರಹಗಾರರ ಕಾಲದಿಂದ ಶತಮಾನಗಳ ನಂತರದವರೆಗೂ ಈ ಪುಟಗಳ ಮೇಲೆ ಕೈಗಳು ಆಡಿವೆ. ಲೂಕ 22:43–44 ನೋಡಿ: ಯೇಸುವಿನ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿದ್ದ ಪ್ರಸಂಗ. ಮೂಲ ಬರಹಗಾರ ಬರೆದಿದ್ದಾನೆ. ಮುಂದೆ ಒಬ್ಬ ತಿದ್ದುಗಾರ ಇದು ಬೇಡವೆಂದು ಗುರುತು ಹಾಕಿದ. ಅವನ ಅನಂತರ ಬಂದ ಇನ್ನೊಬ್ಬ ಆ ಗುರುತನ್ನೇ ಅಳಿಸಲು ನೋಡಿದ. ಮೂವರೂ ಶ್ರದ್ಧೆಯಿಂದ ಓದಿದವರೇ. ಅಚ್ಚಾದ ಬೈಬಲ್‌ನಲ್ಲಿ ಅಡಿಟಿಪ್ಪಣಿಯಾಗಿ ಮುದುಡಿಹೋಗುವ ಈ ವಾದ ಇಲ್ಲಿ ಒಂದೇ ಅಂಚಿನಲ್ಲಿ ಬಿಚ್ಚಿಕೊಂಡಿದೆ.

ಇದೇ ಲೈಬ್ರರಿಯ ಬಳಿ 5ನೇ ಶತಮಾನದ ಇನ್ನೊಂದು ಗ್ರೀಕ್ ಬೈಬಲ್, ಕೋಡೆಕ್ಸ್ ಅಲೆಕ್ಸಾಂಡ್ರಿನಸ್ ಕೂಡ ಇದೆ. ಅದರಲ್ಲಿ ಆ ಎರಡು ವಚನಗಳು ಇಲ್ಲವೇ ಇಲ್ಲ.