ಅಕ್ಕ ಯಾರು, ತಂಗಿ ಯಾರು?

ನವೆಂಬರ್ ತಿಂಗಳ ಮೊದಲ ವಾರ, ಮಂಗಳವಾರ. ಸಂಜೆ ಆರಕ್ಕೆ ಪಾಲಿಕೆಯ ಮೀಟಿಂಗ್ ಹಾಲ್‌ನಲ್ಲಿ ಮೇಯರ್, ಆಯುಕ್ತರು, ನಾಲ್ಕೈದು ಸದಸ್ಯರು ಟಿವಿ ಮುಂದೆ ಕೂತಿದ್ದರು. ನಮ್ಮ ಸಿಸ್ಟರ್ ಸಿಟಿಯಾದ ಅಮೆರಿಕದ ಪೂರ್ವ ಭಾಗದ ಒಂದು ಊರಿನವರ ಜೊತೆ ವಿಡಿಯೋ ಮೀಟಿಂಗ್. ಸಿಸ್ಟರ್ ಸಿಟಿ ಅಂದರೆ ಬೇರೆ ಬೇರೆ ದೇಶದ ಎರಡು ಊರು ಒಪ್ಪಂದ ಮಾಡಿಕೊಂಡು ಸ್ನೇಹ, ಒಡನಾಟ ಇಟ್ಟುಕೊಳ್ಳೋದು. ಫೋಟೋಗೆ ಅಂತ ಮೇಯರ್ ಮೈಸೂರು ಪೇಟ ಕೂಡ ಹಾಕಿಕೊಂಡಿದ್ದರು. ಆರೂಕಾಲಾಯಿತು, ಆರೂವರೆ ಆಯಿತು. ಪರದೆ ಮೇಲೆ ನಮ್ಮ ಮುಖ ಬಿಟ್ಟರೆ ಬೇರೆ ಯಾರೂ ಇಲ್ಲ. ಎರಡನೇ ಸುತ್ತಿನ ಟೀ ಆರಿ ಹೋಯಿತು. ‘ಏನ್ರೀ, ಅವರಿಗೆ ನಮ್ಮ ಊರು ಬೇಡವಾಯ್ತಾ?’ ಅಂತ ಒಬ್ಬ ಸದಸ್ಯರು ನನ್ನನ್ನೇ ಕೇಳಿದರು. ಏಳು ಹೊಡೆಯೋ ಹೊತ್ತಿಗೆ ಮೇಯರ್ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅಂತ ಎದ್ದು ಹೋದರು. ಅವರ ಕಾರು ಗೇಟ್ ದಾಟಿದ್ದೇ ತಡ, ಪರದೆ ಮೇಲೆ ಆರು ಮುಖ ಮೂಡಿ ‘ಗುಡ್ ಮಾರ್ನಿಂಗ್’ ಅಂದವು.

ಅವರು ತಡ ಮಾಡಿರಲಿಲ್ಲ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್‌ನಲ್ಲಿ ನಮಗೂ ಅವರಿಗೂ ಒಂಬತ್ತೂವರೆ ಗಂಟೆ ಅಂತರ, ಆ ಭಾನುವಾರದಿಂದ ಹತ್ತೂವರೆ. ಅಕ್ಟೋಬರ್‌ನಲ್ಲಿ ಲೆಕ್ಕ ಹಾಕಿ ಟೈಮ್ ಕೊಟ್ಟವನು ನಾನೇ.

ನಾನು ರಾಜ್ಯದ ಒಂದು ಮಹಾನಗರ ಪಾಲಿಕೆಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಊರಿನ ಹೆಸರು ಬೇಡ. ಇಂಗ್ಲಿಷ್‌ನಲ್ಲಿ ಪತ್ರ ಬರೆಯೋಕೆ ಬರುತ್ತೆ ಅನ್ನೋ ಒಂದೇ ತಪ್ಪಿಗೆ ಸಿಸ್ಟರ್ ಸಿಟಿ ಫೈಲ್ ನನ್ನ ಟೇಬಲ್‌ಗೆ ಬಂತು. ವಿಷಯ ಕೌನ್ಸಿಲ್ ಸಭೆಗೆ ಹೋದ ದಿನ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ‘ಇದರಲ್ಲಿ ಅಕ್ಕ ಯಾರು, ತಂಗಿ ಯಾರು, ಅದನ್ನ ಮೊದಲು ಹೇಳಿ’ ಅಂದರು. ಸಭೆ ಪೂರ್ತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಓದಿದಾಗ ಗೊತ್ತಾಯಿತು, ಚೀನಾದವರು ‘ಸಿಸ್ಟರ್ ಸಿಟಿ’ ಅನ್ನೋದೇ ಇಲ್ಲ, ‘ಸ್ನೇಹ ನಗರ’ ಅನ್ನುತ್ತಾರೆ. ಅವರ ಭಾಷೆಯಲ್ಲೂ ನಮ್ಮ ಹಾಗೆ ಅಕ್ಕ ಬೇರೆ, ತಂಗಿ ಬೇರೆ.

ಠರಾವು ಪಾಸಾಗೋದು ಸುಲಭ. ಆದರೆ ಒಂದು ಪಾಲಿಕೆ ತಾನೇ ಹೋಗಿ ಹೊರದೇಶದ ಊರಿನ ಜೊತೆ ಸಹಿ ಹಾಕೋ ಹಾಗಿಲ್ಲ. ವಿದೇಶ ವ್ಯವಹಾರ ಕೇಂದ್ರದ ಪಟ್ಟಿಯಲ್ಲಿರೋ ವಿಷಯ. ಹಾಗಾಗಿ ಫೈಲ್ ನಗರಾಭಿವೃದ್ಧಿ ಇಲಾಖೆಗೆ ಹೋಗಿ, ಅಲ್ಲಿಂದ ದೆಹಲಿಗೆ ಹೋಯಿತು. ನಾನು ಕರಡಿನಲ್ಲಿ ‘ಎರಡೂ ನಗರಗಳು ಅಗತ್ಯ ವೆಚ್ಚ ಭರಿಸತಕ್ಕದ್ದು’ ಅಂತ ಒಂದು ಸಾಲು ಸೇರಿಸಿದ್ದೆ. ಕೇಳೋಕೆ ಗಂಭೀರವಾಗಿರುತ್ತೆ ಅಂತ, ಅಷ್ಟೇ. ಆ ಒಂದು ಸಾಲಿಗೆ ಫೈಲ್ ವಾಪಸ್ ಬಂತು. ಎಷ್ಟು ವೆಚ್ಚ, ಯಾವ ಲೆಕ್ಕಶೀರ್ಷಿಕೆ, ಒಪ್ಪಂದ ಮುರಿದರೆ ಜವಾಬ್ದಾರಿ ಯಾರದು? ಉತ್ತರ ಬರೆದು ಕಳಿಸೋ ಹೊತ್ತಿಗೆ ಮೇಯರ್ ಬದಲಾಗಿದ್ದರು. ನಮ್ಮಲ್ಲಿ ಮೇಯರ್ ಅವಧಿ ಒಂದು ವರ್ಷ ಅಲ್ವಾ. ಕೊನೆಗೆ ಸಹಿ ಹಾಕಿದವರು ಮೂರನೆಯವರು. ಆ ಸಾಲನ್ನು ಅಷ್ಟರೊಳಗೆ ತೆಗೆದುಹಾಕಿದ್ದೆ.

ನಿಜವಾದ ಪಾಠ ಸಿಕ್ಕಿದ್ದು ಬೇರೆ ಕಡೆ. ಶುರುವಿನಲ್ಲೇ ಅಮೆರಿಕದವರು ಒಂದು ಮೇಲ್ ಹಾಕಿದ್ದರು: ನಿಮ್ಮ ಕಮಿಟಿಯಲ್ಲಿ ಯಾರ್‍ಯಾರಿದ್ದಾರೆ? ನಾನು ಮರುದಿನವೇ ಪಟ್ಟಿ ಕಳಿಸಿದೆ. ಅಧ್ಯಕ್ಷರು: ಮಾನ್ಯ ಮಹಾಪೌರರು. ಉಪಾಧ್ಯಕ್ಷರು: ಆಯುಕ್ತರು. ಸದಸ್ಯರು: ಉಪ ಆಯುಕ್ತರು (ಆಡಳಿತ), ಅಧೀಕ್ಷಕ ಎಂಜಿನಿಯರ್, ಆರೋಗ್ಯಾಧಿಕಾರಿ. ಅವರ ಪಟ್ಟಿಯೂ ಬಂತು. ಒಬ್ಬರು ನಿವೃತ್ತ ಟೀಚರ್, ಒಬ್ಬರು ಹಲ್ಲಿನ ಡಾಕ್ಟರ್, ಒಬ್ಬರು ಬೇಕರಿ ಇಟ್ಟಿರೋ ಹೆಂಗಸು, ಮೂವತ್ತು ವರ್ಷದ ಹಿಂದೆ ಅಲ್ಲಿಗೆ ಹೋದ ಒಬ್ಬ ಕನ್ನಡದ ಎಂಜಿನಿಯರ್. ನಗರ ಸಭೆಯ ನೌಕರ ಒಬ್ಬನೂ ಇಲ್ಲ. ‘ಇವರೇನು ಸೀರಿಯಸ್ ಆಗಿಲ್ಲ ಸಾರ್’ ಅಂತ ಆಯುಕ್ತರಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಲ್ಲಿ ಅದು ಹಾಗೇ ನಡೆಯೋದು. 1956ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಈ ಚಳವಳಿಗೆ ಚಾಲನೆ ಕೊಟ್ಟಿದ್ದೇ ಸರ್ಕಾರ ಪಕ್ಕಕ್ಕಿದ್ದು ಜನ ಜನರ ಜೊತೆ ಮಾತಾಡಲಿ ಅಂತ. ಅದಕ್ಕೂ ಮೊದಲು, 1940ರ ದಶಕದ ಯುದ್ಧದ ನಡುವೆ ಇಂಗ್ಲೆಂಡಿನ ಕೊವೆಂಟ್ರಿ ರಷ್ಯಾದ ಸ್ಟಾಲಿನ್‌ಗ್ರಾಡ್ ಜೊತೆ ನಂಟು ಬೆಳೆಸಿತು. ಎರಡೂ ಬಾಂಬಿಗೆ ನಲುಗಿದ ಊರು. ಕೊವೆಂಟ್ರಿಯ 830 ಹೆಂಗಸರು ತಮ್ಮ ಹೆಸರುಗಳನ್ನು ಒಂದು ಮೇಜುಹಾಸಿನ ಮೇಲೆ ಕಸೂತಿ ಹಾಕಿ, ಜೊತೆಗೆ ಚಿಲ್ಲರೆ ಕಾಸು ಕೂಡಿಸಿ ಕಳಿಸಿದರು. ಅಷ್ಟೂ ಹೆಸರು, ಒಂದೂ ಹುದ್ದೆ ಅಲ್ಲ.

ನಮ್ಮ ಪಟ್ಟಿ ಏನಾಯಿತು ಅಂದರೆ, ಎರಡು ವರ್ಷದಲ್ಲಿ ಅದರಲ್ಲಿದ್ದ ಎಲ್ಲರೂ ಬದಲಾದರು. ಹುದ್ದೆಗಳು ಹಾಗೇ ಇದ್ದವು, ಕಮಿಟಿಯೂ ಹಾಗೇ ಇತ್ತು. ಮೇಲ್‌ಗೆ ಉತ್ತರ ಕೊಡೋಕೆ ಮಾತ್ರ ಯಾರೂ ಇರಲಿಲ್ಲ. ಮಂಗಳೂರು ಮತ್ತು ಕೆನಡಾದ ಹ್ಯಾಮಿಲ್ಟನ್ 1968ರಿಂದ ಸಿಸ್ಟರ್ ಸಿಟಿ. ಮಂಗಳೂರಿನಲ್ಲಿ ಹ್ಯಾಮಿಲ್ಟನ್ ಸರ್ಕಲ್ ಇದೆ. ಅದನ್ನು ದಿನಾ ಬಸ್ಸಲ್ಲಿ ದಾಟೋ ನನ್ನ ಭಾವನನ್ನ ಕೇಳಿದೆ. ‘ಯಾವನೋ ಬ್ರಿಟಿಷ್ ಕಲೆಕ್ಟರ್ ಇರಬೇಕು ಮಾರಾಯ’ ಅಂದ. ಬರೀ ಕಾಗದದ ಗತಿ ಅಷ್ಟೇ. ಜಪಾನಿನಲ್ಲಿ ಸಿಸ್ಟರ್ ಸಿಟಿ ಅಂತ ಲೆಕ್ಕಕ್ಕೆ ಹಿಡಿಯಬೇಕಾದರೆ ಮೂರು ಬೇಕು: ಎರಡೂ ಮುಖ್ಯಸ್ಥರ ಸಹಿ, ಒಂದೇ ವಿಷಯಕ್ಕೆ ಸೀಮಿತವಲ್ಲದ ಒಡನಾಟ, ಸಭೆ ಒಪ್ಪಿದ ಬಜೆಟ್. ನಮ್ಮ ಹತ್ತಿರ ಇದ್ದದ್ದು ಮೊದಲನೆಯದು ಮಾತ್ರ.

ನಮ್ಮ ತಂಡ ಅಲ್ಲಿಗೆ ಹೋಗೋ ಮಾತು ಬಂದಾಗ ಇನ್ನೊಂದು ಪೇಚಾಟ. ಅವರು ಪ್ರೀತಿಯಿಂದ ‘ಹೋಟೆಲ್ ಬೇಡ, ನಮ್ಮ ಮನೆಗಳಲ್ಲೇ ಉಳಿಯಿರಿ’ ಅಂದರು. ಅವರ ಪದ್ಧತಿಯೇ ಅದು. ಆದರೆ ಸರ್ಕಾರಿ ನೌಕರ ಹೊರದೇಶದವರ ಆತಿಥ್ಯ ತಗೊಳ್ಳೋಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಇದನ್ನು ಬರೆದು ತಿಳಿಸಿದೆ. ಬೇಕರಿಯಮ್ಮನ ಉತ್ತರ ಒಂದೇ ಸಾಲು: ನನ್ನ ಮನೆಯ ಹಾಸಿಗೆ ಮೇಲೆ ಮಲಗೋಕೆ ದೆಹಲಿಯನ್ನು ಕೇಳಬೇಕಾ? ಏನಂತ ಉತ್ತರ ಬರೆಯೋದು ಹೇಳಿ. ಅನುಮತಿಗೆ ಅರ್ಜಿ ಹಾಕೋದು ತಡವಾಗಿ ಆ ಪ್ರವಾಸ ನಿಂತೇ ಹೋಯಿತು. ವೀಸಾ ಯೋಚನೆಗೂ ಮೊದಲು ಈ ಅರ್ಜಿ ಹಾಕಿ, ನಿಮಗೆ ಇಂಥ ಫೈಲ್ ಬಂದರೆ.

ಇಷ್ಟೆಲ್ಲಾ ಆಗಿ ಉಳಿದದ್ದು ಏನು ಗೊತ್ತಾ? ಎಲೆ. ಆ ಏಳು ಗಂಟೆ ಮೀಟಿಂಗ್‌ನಲ್ಲಿ ದೊಡ್ಡವರೆಲ್ಲ ಎದ್ದು ಹೋದ ಮೇಲೆ ಉಳಿದವರು ನಾನು ಮತ್ತು ಒಬ್ಬ ಹೆಲ್ತ್ ಇನ್ಸ್‌ಪೆಕ್ಟರ್. ಆ ಕಡೆ ಒಬ್ಬರು ಸುಮ್ನೆ ಮಾತಿಗೆ, ಈಗ ಎಲೆ ಉದುರೋ ಕಾಲ, ಬೀದಿಬೀದಿಯಲ್ಲಿ ಲಾರಿಗೆ ಎಲೆ ಹೀರಿಕೊಂಡು ಹೋಗಿ ಗೊಬ್ಬರ ಮಾಡ್ತೀವಿ ಅಂದರು. ನಮ್ಮ ಇನ್ಸ್‌ಪೆಕ್ಟರ್ ನೆಟ್ಟಗೆ ಕೂತರು. ಅವರ ವಾರ್ಡಿನಲ್ಲಿ ಮಳೆಮರದ ಎಲೆ ಗುಡ್ಡೆ ಹಾಕಿ ಬೆಂಕಿ ಇಡೋದು, ಹೊಗೆ ಅಂತ ಜನ ದೂರು ಕೊಡೋದು ನಿತ್ಯದ ರಗಳೆ. ಹೀರೋ ಲಾರಿ ನಮಗೆಲ್ಲಿ ಬರಬೇಕು. ಆದರೆ ತಂತಿ ಬಲೆಯನ್ನು ದುಂಡಗೆ ಸುತ್ತಿ, ಎಲೆ ತುಂಬಿ, ಆಗಾಗ ಸಗಣಿ ನೀರು ಚಿಮುಕಿಸಿದರೆ ಸಾಕಲ್ಲ. ಒಂದು ಪಾರ್ಕಿನ ಮೂಲೆಯಲ್ಲಿ ನಾಲ್ಕು ಬುಟ್ಟಿ ನಿಲ್ಲಿಸಿದರು. ಫೋಟೋ ಆ ಕಡೆಗೆ ಹೋಯಿತು. ಅಲ್ಲಿಂದ ಪ್ರಶ್ನೆ ಬಂತು, ಸಗಣಿ ಎಷ್ಟು, ವಾಸನೆ ಬರಲ್ವಾ ಅಂತ.

ಆ ಇನ್ಸ್‌ಪೆಕ್ಟರ್ ಕೂಡ ಈಗ ಬೇರೆ ತಾಲ್ಲೂಕಿಗೆ ವರ್ಗ ಆಗಿದ್ದಾರೆ. ಫೋನ್ ನಂಬರ್ ಮಾತ್ರ ಅದೇ. ಮಾತು ಇನ್ನೂ ನಡೆದಿದೆ, ಫೈಲ್‌ನಲ್ಲಿ ಎಲ್ಲೂ ಇಲ್ಲ. ಕಮಿಟಿ ಪಟ್ಟಿಯನ್ನು ಹೋದ ತಿಂಗಳು ಹೊಸದಾಗಿ ಟೈಪ್ ಮಾಡಿದೆ. ಈ ಸಲ ಹುದ್ದೆ ಬಿಟ್ಟು ಹೆಸರು ಹಾಕಿದ್ದೇನೆ: ಇನ್ಸ್‌ಪೆಕ್ಟರ್, ಆ ಪಾರ್ಕಿನಲ್ಲಿ ಬೆಳಗ್ಗೆ ವಾಕ್ ಮಾಡೋ ಇಬ್ಬರು ರಿಟೈರ್ಡ್ ಮೇಷ್ಟ್ರು, ಬುಟ್ಟಿ ನೋಡಿಕೊಳ್ಳೋ ಪೌರಕಾರ್ಮಿಕ ಅಕ್ಕ. ‘ಇವರೆಲ್ಲ ಯಾವ ಹುದ್ದೆಯವರು?’ ಅಂತ ಟಿಪ್ಪಣಿ ಬರೆದು ಮೇಲಿನವರು ಪಟ್ಟಿಯನ್ನು ನನಗೇ ವಾಪಸ್ ಕಳಿಸಿದ್ದಾರೆ. ಉತ್ತರ ಇನ್ನೂ ಬರೆದಿಲ್ಲ.