ಲಾ ಅಲ್ಬೆರ್ಕಾಗೆ ಹೋದರೆ ಒಂದು ರಾತ್ರಿ ಉಳಿಯಿರಿ

ಲಾ ಅಲ್ಬೆರ್ಕಾ ಸ್ಪೇನಿನ ಪಶ್ಚಿಮಕ್ಕೆ, ಸಾಲಮಾಂಕಾ ಪ್ರಾಂತ್ಯದ ಸಿಯೆರಾ ದೆ ಫ್ರಾನ್ಸಿಯಾ ಬೆಟ್ಟಸಾಲಿನಲ್ಲಿರುವ ಊರು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರ, ಜನಸಂಖ್ಯೆ ಸಾವಿರದ ಆಸುಪಾಸು. ಹೆಚ್ಚಿನವರು ಸಾಲಮಾಂಕಾ ನಗರದಿಂದ ಬೆಳಿಗ್ಗೆ ಬಂದು, ಫೋಟೊ ತೆಗೆದು, ಊಟ ಮಾಡಿ, ಸಂಜೆಗೆ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಊರಿನ ಜೀವ ಇರುವುದು ಬಂದವರೆಲ್ಲ ಹೋದ ಮೇಲೆ.

ನಾನು, ಅಕ್ಕ ಇಬ್ಬರೇ ಅಕ್ಟೋಬರ್‌ನಲ್ಲಿ ಹೋಗಿದ್ದೆವು. ವೀಸಾ ವಿಷಯ ಬೇಗ ಮುಗಿಸುತ್ತೇನೆ: ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕೇ ಬೇಕು. ಮ್ಯಾಡ್ರಿಡ್‌ನ ಚಮಾರ್ತಿನ್ ನಿಲ್ದಾಣದಿಂದ ಸಾಲಮಾಂಕಾಗೆ ರೈಲಿದೆ. ವೇಗದ ರೈಲು ಸಿಕ್ಕರೆ ಎರಡು ಗಂಟೆಯೊಳಗೆ ತಲುಪುತ್ತೀರಿ. ಅಲ್ಲಿಂದ ಮುಂದೆ ಬಸ್ಸು, ಇಲ್ಲವೇ ಬಾಡಿಗೆ ಕಾರು. ಬಸ್ಸುಗಳು ತೀರಾ ಕಡಿಮೆ. ಸಮಯಪಟ್ಟಿಯಲ್ಲಿ ‘ಲಬೊರಾಬ್ಲೆಸ್’ ಎಂದರೆ ಕೆಲಸದ ದಿನಗಳು, ‘ದೊಮಿಂಗೊಸ್ ಇ ಫೆಸ್ತಿವೊಸ್’ ಎಂದರೆ ಭಾನುವಾರ ಮತ್ತು ರಜಾದಿನಗಳು. ಈ ಎರಡು ಮಾತು ನೆನಪಿಟ್ಟುಕೊಳ್ಳಿ, ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಬೀದಿಗಳೆಲ್ಲ ಕಲ್ಲು ಹಾಸಿದ, ಏರಿಳಿತದ ಓಣಿಗಳು. ಚಕ್ರದ ಸೂಟ್‌ಕೇಸು ಎಳೆಯಲು ಆಗುವುದೇ ಇಲ್ಲ. ದೊಡ್ಡ ಸಾಮಾನನ್ನು ಸಾಲಮಾಂಕಾದಲ್ಲೇ ಇಟ್ಟು, ಬೆನ್ನಿಗೊಂದು ಚೀಲ ಹಾಕಿಕೊಂಡು ಬನ್ನಿ. ಕಾಲಿಗೆ ಹಿಡಿತವಿರುವ ಶೂ ಇರಲಿ.

ಮನೆಗಳ ಮುಂದೆ ನಿಂತು ನೋಡಲು ಸಮಯ ಇಟ್ಟುಕೊಳ್ಳಿ. ಕೆಳಗಿನ ಅಂತಸ್ತು ಕರಿಗಲ್ಲಿನದು. ಅದರ ಮೇಲೆ ಮರದ ಚೌಕಟ್ಟು ನಿಲ್ಲಿಸಿ, ನಡುವೆ ಕಲ್ಲು-ಮಣ್ಣು ತುಂಬಿದ ಗೋಡೆ. ಒಂದೊಂದು ಅಂತಸ್ತೂ ಕೆಳಗಿನದಕ್ಕಿಂತ ಒಂದಿಷ್ಟು ಬೀದಿಗೆ ಚಾಚಿಕೊಂಡಿರುವುದರಿಂದ ಎದುರುಬದುರಿನ ಸೂರುಗಳು ಮೇಲೆ ಹತ್ತಿರ ಹತ್ತಿರ ಬರುತ್ತವೆ. ಮಳೆ ಬಂದರೂ ಓಣಿಯ ಅಂಚಿನಲ್ಲಿ ನೆನೆಯದೆ ನಡೆಯಬಹುದು. ಬಾಗಿಲ ಮೇಲಿನ ಕಲ್ಲಿನಲ್ಲಿ ಶಿಲುಬೆ, ಇಸವಿ, ದೇವಮಾತೆಯ ಹೆಸರು ಕೆತ್ತಿದ್ದಾರೆ. 1940ರಲ್ಲಿ ಇಡೀ ಊರನ್ನೇ ಸಂರಕ್ಷಿತ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು. ಸ್ಪೇನಿನಲ್ಲಿ ಹಳ್ಳಿಯೊಂದಕ್ಕೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು.

ಒಳಗೆ ಹೇಗಿರುತ್ತದೆ ಎಂದು ನೋಡಬೇಕಾದರೆ ಸಾತುರ್ ಹ್ವಾನೆಲಾ ಎಂಬ ಹಳೆಯ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಈ ಸೀಮೆಯ ಮನೆಗಳಲ್ಲಿ ಕೆಳಗೆ ದನಕರುಗಳಿಗೆ ಜಾಗ, ನಡುವೆ ಮಲಗುವ ಕೋಣೆಗಳು, ಅಡುಗೆಮನೆ ಮೇಲೆ. ಒಲೆಯ ಹೊಗೆ ಮೇಲಕ್ಕೇರಿ ಅಲ್ಲಿ ಹರಡಿದ ಚೆಸ್ಟ್‌ನಟ್ ಕಾಯಿಗಳನ್ನೂ ನೇತುಹಾಕಿದ ಮಾಂಸವನ್ನೂ ಒಣಗಿಸುತ್ತಿತ್ತು. ಅಕ್ಕ ಸುಮ್ಮನೆ ಮೇಲೆ ನೋಡುತ್ತ ನಿಂತಳು. ನಮ್ಮ ಸಾಗರದ ಮನೆಯ ಹೊಗೆಯಟ್ಟದಲ್ಲಿ ಅಜ್ಜಿ ವಾಟೆಹುಳಿ ಒಣಗಿಸುತ್ತಿದ್ದುದು ನನಗೂ ನೆನಪಾಯಿತು.

ಚರ್ಚಿನ ಎದುರು ಕಲ್ಲಿನ ಹಂದಿಯೊಂದಿದೆ. ಜೀವಂತ ಹಂದಿಯೂ ಇದೆ! ಪ್ರತಿವರ್ಷ ಜೂನ್ 13ರಂದು, ಪಾದುವಾದ ಸಂತ ಆಂಟನಿಯ ಹಬ್ಬದ ದಿನ, ಹಂದಿಮರಿಯೊಂದನ್ನು ಆಶೀರ್ವದಿಸಿ, ಕೊರಳಿಗೆ ಗಂಟೆ ಕಟ್ಟಿ ಬೀದಿಗೆ ಬಿಡುತ್ತಾರೆ. ಅದಕ್ಕೆ ಒಡೆಯರಿಲ್ಲ, ಇಡೀ ಊರೇ ಸಾಕುತ್ತದೆ. ಹೋದ ಬಾಗಿಲಲ್ಲಿ ತಿಂದು, ಸಿಕ್ಕಿದಲ್ಲಿ ಮಲಗಿ ಕೊಬ್ಬುತ್ತದೆ. ಜನವರಿ 17ರಂದು, ಮತ್ತೊಬ್ಬ ಸಂತ ಆಂಟನಿಯ ಹಬ್ಬಕ್ಕೆ, ಅದನ್ನು ಚೀಟಿ ಎತ್ತಿ ಕೊಡುತ್ತಾರೆ. ಹಿಂದೆ ಊರಿನ ಬಡ ಕುಟುಂಬಕ್ಕೆ ಕೊಡುತ್ತಿದ್ದರಂತೆ, ಈಗ ಚೀಟಿಯ ಹಣ ದಾನಕ್ಕೆ ಹೋಗುತ್ತದೆ. ದೇವರ ಹೆಸರಲ್ಲಿ ಬಿಟ್ಟ ಬಸವನನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂದಿಯನ್ನು ನೋಡಲೇಬೇಕು ಎನ್ನುವವರು ಫೆಬ್ರುವರಿಯಿಂದ ಮೇ ತನಕ ಹೋಗಬೇಡಿ.

ಈಗ ಸಂಜೆಯ ಮಾತು. ಏಳು ಗಂಟೆಯ ಹೊತ್ತಿಗೆ ಪ್ಲಾಸಾ ಮಯೋರ್, ಅಂದರೆ ಕಲ್ಲುಕಂಬಗಳ ಜಗಲಿ ಇರುವ ಊರ ಚೌಕ, ಖಾಲಿಯಾಗತೊಡಗಿತು. ಬಸ್ಸುಗಳು, ಕಾರುಗಳು ಹೊರಟುಹೋದವು. ನಡುವಿನ ಶಿಲುಬೆಯ ಕೆಳಗಿನ ಕಾರಂಜಿಯ ನೀರಿನ ಸದ್ದು ಆಗಷ್ಟೇ ಕಿವಿಗೆ ಬಿತ್ತು. ಕತ್ತಲಾಗುವ ಹೊತ್ತಿಗೆ ಓಣಿಯ ತಿರುವಿನಿಂದ ಒಂದು ಕೈಗಂಟೆಯ ದನಿ. ಇವಳೇ ‘ಮೊಸಾ ದೆ ಆನಿಮಾಸ್’, ಆತ್ಮಗಳ ಹೆಣ್ಣು. ದಿನವೂ ಮುಸ್ಸಂಜೆಗೆ ಊರಿನ ಹೆಂಗಸೊಬ್ಬಳು ಬೀದಿ ಸುತ್ತಿ, ಮೂಲೆಮೂಲೆಯಲ್ಲಿ ನಿಂತು ಗಂಟೆ ಬಾರಿಸಿ, ಸತ್ತು ಇನ್ನೂ ಸ್ವರ್ಗ ಸೇರದ ಆತ್ಮಗಳಿಗಾಗಿ ಪ್ರಾರ್ಥನೆ ಹೇಳುತ್ತಾಳೆ. ಮಳೆ, ಹಿಮ ಯಾವುದಕ್ಕೂ ಇದು ನಿಲ್ಲುವುದಿಲ್ಲ ಎಂದು ನಾವು ಉಳಿದುಕೊಂಡಿದ್ದ ಮನೆಯ ಒಡತಿ ಹೇಳಿದರು. ನೂರಾರು ವರ್ಷಗಳಿಂದ ನಡೆದುಬಂದ ವಾಡಿಕೆ.

ಊರಲ್ಲಿ ಅಪ್ಪನ ಪಕ್ಷ ಮುಗಿಸಿಯೇ ನಾವು ಹೊರಟಿದ್ದೆವು. ಗಂಟೆಯ ಹೆಂಗಸು ಹೇಳಿದ ಪ್ರಾರ್ಥನೆಯಲ್ಲಿ ಒಂದು ಮಾತೂ ಅರ್ಥವಾಗದಿದ್ದರೂ ಅಕ್ಕ ಕೈಮುಗಿದು ನಿಂತಳು. ಆ ಹೆಂಗಸು ನಮ್ಮತ್ತ ಒಮ್ಮೆ ತಲೆಯಾಡಿಸಿ ಮುಂದಿನ ಮೂಲೆಗೆ ನಡೆದಳು. ದಯವಿಟ್ಟು ಒಂದು ವಿಷಯ: ಮೊಬೈಲು ಹಿಡಿದು ಅವಳ ಬೆನ್ನು ಹತ್ತಬೇಡಿ. ಇದು ಪ್ರದರ್ಶನವಲ್ಲ. ಗೋಡೆಯ ಪಕ್ಕ ಸರಿದು ನಿಂತು ಕೇಳಿದರೆ ಸಾಕು.

ಸಸ್ಯಾಹಾರಿಗಳಿಗೆ ಊಟ ಇಲ್ಲಿ ಕಷ್ಟವೇ. ಇದು ಹಂದಿಮಾಂಸದ ಸೀಮೆ, ಹ್ಯಾಮಿಗೆ ಹೆಸರಾದ ಗಿಹ್ವೆಲೊ ಇದೇ ಪ್ರಾಂತ್ಯದಲ್ಲಿದೆ. ‘ಪಟಾಟಾಸ್ ಮೆನೆಯಾಸ್’ ಎಂದರೆ ಬೇಯಿಸಿ ಕಿವುಚಿದ ಆಲೂಗಡ್ಡೆಗೆ ಬೆಳ್ಳುಳ್ಳಿ, ಕೆಂಪು ಮೆಣಸಿನ ಪುಡಿ ಹಾಕಿದ್ದು. ಕೇಳಲು ನಮ್ಮ ಪಲ್ಯದಂತೆಯೇ ಇದೆ, ಆದರೆ ಮೇಲೆ ಕರಿದ ಹಂದಿಕೊಬ್ಬಿನ ತುಂಡು ಉದುರಿಸುತ್ತಾರೆ, ಒಗ್ಗರಣೆಯೂ ಅದೇ ಕೊಬ್ಬಿನಲ್ಲಿ ಇರಬಹುದು. ‘ಲಿಮೋನ್ ಸೆರಾನೊ’ ಹೆಸರು ಕೇಳಿ ಹಣ್ಣಿನ ಕೋಸಂಬರಿ ಎಂದುಕೊಳ್ಳಬೇಡಿ, ಕಿತ್ತಳೆ-ನಿಂಬೆಯ ಜೊತೆ ಮೊಟ್ಟೆ, ಮಾಂಸ ಇರುತ್ತದೆ. ‘ಸಿನ್ ಕಾರ್ನೆ’ ಎಂದರೆ ಮಾಂಸ ಬೇಡ ಎಂದರ್ಥ. ಹ್ಯಾಮನ್ನು ಕೆಲವರು ಅದರಲ್ಲಿ ಸೇರಿಸುವುದಿಲ್ಲ, ಹಾಗಾಗಿ ‘ಸಿನ್ ಹಮೋನ್’ ಎಂದೂ ಸೇರಿಸಿ. ಸಲಾಡಿಗೆ ‘ಸಿನ್ ಅತೂನ್’, ಟ್ಯೂನಾ ಮೀನು ಬೇಡ ಎಂದು. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೊರ್ತಿಯಾ, ಅಂದರೆ ದಪ್ಪ ಆಮ್ಲೆಟ್ಟು, ಎಲ್ಲೆಡೆ ಸಿಗುತ್ತದೆ. ನಾವು ಬ್ರೆಡ್ಡು, ಚೀಸು, ಜೇನು, ಅಣಬೆಯಲ್ಲಿ ಎರಡು ದಿನ ಕಳೆದೆವು. ಅಕ್ಕನ ಚೀಲದಲ್ಲಿದ್ದ ಚಟ್ನಿಪುಡಿ ತುಂಬ ಉಪಕಾರಕ್ಕೆ ಬಂತು. ಮಧ್ಯಾಹ್ನದ ಊಟ ಎರಡರ ನಂತರ, ರಾತ್ರಿಯದು ಒಂಬತ್ತರ ಹೊತ್ತಿಗೆ. ಮಧ್ಯಾಹ್ನ ಕೆಲವು ಗಂಟೆ ಅಂಗಡಿಗಳೂ ಮುಚ್ಚಿರುತ್ತವೆ, ಆದ್ದರಿಂದ ಹಣ್ಣು, ನೀರು ಮೊದಲೇ ಕೊಂಡಿಡಿ. ಬೀದಿಬದಿ ಹೆಂಗಸರು ಮಾರುವ ತುರ್ರೋನ್ ಜೇನು ಮತ್ತು ಬಾದಾಮಿಯ ಮಿಠಾಯಿ. ಮೊಟ್ಟೆಯ ಬಿಳಿ ಹಾಕಿರುತ್ತಾರೆ, ಕೇಳಿ ಕೊಳ್ಳಿ.

ಕಾರಿದ್ದರೆ ಮೊಗರಾಸ್ ಎಂಬ ಪಕ್ಕದ ಊರನ್ನು ತಪ್ಪಿಸಬೇಡಿ. 1967ರಲ್ಲಿ ಗುರುತಿನ ಚೀಟಿಗೆಂದು ಊರವರ ಭಾವಚಿತ್ರ ತೆಗೆಯಲಾಗಿತ್ತು. ಅದೇ ಊರಿನ ಕಲಾವಿದ ಫ್ಲೊರೆನ್ಸಿಯೊ ಮಾಯ್ಯೊ ಅವುಗಳಲ್ಲಿ 388 ಮುಖಗಳನ್ನು ದೊಡ್ಡದಾಗಿ ಚಿತ್ರಿಸಿ 2012ರಲ್ಲಿ ಅವರವರು ಬಾಳಿದ ಮನೆಗಳ ಗೋಡೆಗೇ ತೂಗುಹಾಕಿದರು. ಅನೇಕರು ತೀರಿಕೊಂಡವರು, ಕೆಲವರು ಊರು ಬಿಟ್ಟವರು. ಮುಚ್ಚಿದ ಬಾಗಿಲಿನ ಮೇಲೆ ಅವರ ಮುಖ. ಹಳ್ಳಿಗಳು ಖಾಲಿಯಾಗುವುದನ್ನು ಕಂಡ ನಮ್ಮಂಥವರಿಗೆ ಆ ಬೀದಿಯಲ್ಲಿ ಬೇಗ ನಡೆಯಲಾಗುವುದಿಲ್ಲ. 1,700 ಮೀಟರಿಗೂ ಎತ್ತರದ ಪೆನ್ಯಾ ದೆ ಫ್ರಾನ್ಸಿಯಾ ಬೆಟ್ಟದ ಮೇಲೆ ಕಪ್ಪು ಮೇರಿಯಮ್ಮನ ಗುಡಿಯಿದೆ, ಗಾಳಿ ಜೋರು. ಚಳಿಗಾಲದಲ್ಲಿ ರಸ್ತೆ ತೆರೆದಿದೆಯೇ ಎಂದು ಕೇಳಿಯೇ ಹತ್ತಿ.

ಆಗಸ್ಟ್ 15, 16 ಊರಹಬ್ಬ. ಹೆಂಗಸರು ಬೆಳ್ಳಿ, ಹವಳದ ಸರಗಳನ್ನು ಎದೆತುಂಬ ಹೇರಿಕೊಂಡು ಸಾಂಪ್ರದಾಯಿಕ ಉಡುಗೆ ತೊಡುತ್ತಾರೆ. ಆಗ ಕೋಣೆ ಬೇಕಾದರೆ ತಿಂಗಳುಗಳ ಮುಂಚೆಯೇ ಕಾಯ್ದಿರಿಸಬೇಕು. ಅಕ್ಟೋಬರ್ 12 ರಾಷ್ಟ್ರೀಯ ರಜೆ, ಅಂದೂ ಜನಜಂಗುಳಿ. ಅದರ ನಂತರದ ವಾರ ನನ್ನ ಆಯ್ಕೆ: ಚೆಸ್ಟ್‌ನಟ್ ಕಾಡು ಬಣ್ಣ ತಿರುಗಿರುತ್ತದೆ, ಸ್ವೆಟರ್ ಸಾಕು.

ನಾವು ಶನಿವಾರ ಹೋಗಿ ಭಾನುವಾರ ಹಿಂದಿರುಗುವವರಿದ್ದೆವು. ಕೆಲಸದ ದಿನದ ಪಟ್ಟಿ ನೋಡಿಕೊಂಡು ಹೋಗಿ ನಿಂತರೆ ಆ ಹೊತ್ತಿಗೆ ಬಸ್ಸೇ ಇರಲಿಲ್ಲ. ಮರಳಿ ಅದೇ ಮನೆಗೆ ಹೋದೆವು. ಮನೆಯೊಡತಿ ಕೋಣೆಯ ಬೀಗದಕೈ ಕೊಟ್ಟು, ಬೇಯಿಸಿದ ಚೆಸ್ಟ್‌ನಟ್ ಒಂದು ಬಟ್ಟಲು ತಂದಿಟ್ಟರು. ಕತ್ತಲಾಗುವ ಮೊದಲೇ ಅಕ್ಕ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ಗಂಟೆಯ ದನಿ ಆ ದಿನ ನಮ್ಮ ಓಣಿಗೇ ಮೊದಲು ಬಂತು.